ಇಂಗ್ಲಿಷ್ ಮೇಷ್ಟರು ಪರದೇಶಕ್ಕೆ ಹೋದದ್ದು

ನಮ್ಮ ವಾಚನಾಲಯದ ಮೇಜಿನ ಬಳಿ ಒಂದು ಪ್ರಶ್ನೆ ಆಗಾಗ ಏಳುತ್ತದೆ. ನೋಯ್ಡಾದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರು, ಗುರುಗ್ರಾಮದಲ್ಲಿ ರಾತ್ರಿಯೆಲ್ಲ ಫೋನಿನ ಮೇಲೆ ಪರದೇಶದವರೊಡನೆ ಮಾತನಾಡಿ ಬೆಳಗಿನ ಮೆಟ್ರೋದಲ್ಲಿ ತೂಕಡಿಸುತ್ತ ಮನೆ ಸೇರುವವರು, ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದು ಬರೆದು ಕೈ ಪಳಗಿದ ಗುಮಾಸ್ತರು, ಇವರೆಲ್ಲರೂ ಬೇರೆ ಬೇರೆ ಮಾತಿನಲ್ಲಿ ಕೇಳುವುದು ಒಂದನ್ನೇ: “ನಮಗೆ ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತದೆ. ಅದನ್ನು ಕಲಿಸುವ ಕೆಲಸ ಹಿಡಿದು ಹೊರದೇಶಕ್ಕೆ ಹೋಗಲಾದೀತೆ? ಹಾಗೆ ಬರೆದು, ತಿದ್ದಿ, ಪಾಠ ಹೇಳಿ ಜೀವನ ಮಾಡಿದ ಕನ್ನಡಿಗರು ಯಾರಾದರೂ ಉಂಟೆ?”

ಉಂಟು; ಒಬ್ಬರಲ್ಲ, ಹಲವರು. ೧೯೦೮ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾಯರು ಹೈದರಾಬಾದು, ಅಲೀಗಢಗಳಲ್ಲಿ ಓದಿ ೧೯೨೯ರಲ್ಲಿ ಫ್ರಾನ್ಸಿಗೆ ಹೋದರು. ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿಯನ್ನು ೧೯೩೮ರಲ್ಲಿ ಪ್ರಕಟಿಸಿದರು, ಮುಂಬಯಿಯಲ್ಲಿ ಅಹ್ಮದ್ ಅಲಿಯವರೊಡನೆ ‘ಟುಮಾರೋ’ ಎಂಬ ಪತ್ರಿಕೆಯನ್ನು ಸಂಪಾದಿಸಿದರು, ೧೯೬೬ರಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪಾಠ ಹೇಳಿದರು. ಮೊದಮೊದಲು ಅವರು ಕನ್ನಡದಲ್ಲಿಯೂ ಬರೆದು ಧಾರವಾಡದ ‘ಜಯಕರ್ನಾಟಕ’ಕ್ಕೆ ಕಳಿಸುತ್ತಿದ್ದುದುಂಟು; ಆಮೇಲೆ ಆ ಕೈ ನಿಂತುಹೋಯಿತು. ನವ್ಯಕವಿ ಬಿ. ಸಿ. ರಾಮಚಂದ್ರ ಶರ್ಮರು ಉಪಾಧ್ಯಾಯರಾಗಿ ಇಥಿಯೋಪಿಯಕ್ಕೆ ಹೋದವರು. ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ ಅಲ್ಲಿ ಹೊಸದಾಗಿ ತೆರೆದ ಶಾಲೆಗಳಿಗೆ ಮೇಷ್ಟರು ಸಾಲದೆ ಭಾರತದಿಂದ ಬಹುಮಂದಿಯನ್ನು ಕರೆಸಿಕೊಳ್ಳುತ್ತಿದ್ದರು. ಶರ್ಮರು ಇಥಿಯೋಪಿಯ, ಇಂಗ್ಲೆಂಡು, ಜಾಂಬಿಯ ಎಂದು ಸುತ್ತಿದರೂ ಕನ್ನಡ ಕವಿತೆಯನ್ನು ಬಿಡಲಿಲ್ಲ.

ಇವರಿಬ್ಬರ ಕಥೆಯೂ ಒಂದೊಂದು ಲೇಖನಕ್ಕೆ ತಕ್ಕದ್ದೇ. ಆದರೆ ಈ ಸಲ ನಾವು ಮೂರನೆಯವರೊಬ್ಬರನ್ನು ಕುರಿತು ಹೇಳಬೇಕೆಂದಿದ್ದೇವೆ. ಏಕೆಂದರೆ ಮೇಲಿನ ಪ್ರಶ್ನೆಗೆ ಅವರ ಜೀವನ ಕೊಡುವ ಉತ್ತರ ಕೇಳಿದವರು ನಿರೀಕ್ಷಿಸುವ ಉತ್ತರವಲ್ಲ. ಅವರು ಎ. ಕೆ. ರಾಮಾನುಜನ್. ಇಂಗ್ಲಿಷ್ ಎಂ. ಎ. ಮಾಡಿದರು, ಎಂಟು ವರ್ಷ ಇಂಗ್ಲಿಷ್ ಪಾಠ ಹೇಳಿದರು, ಅಮೆರಿಕಕ್ಕೆ ಹೋದರು. ಹೋದ ಮೇಲೆ ಅಲ್ಲಿಯವರು ಅವರಿಗೆ ಸಂಬಳ ಕೊಟ್ಟದ್ದು ಮಾತ್ರ ಇಂಗ್ಲಿಷಿಗಲ್ಲ!

ರಾಮಾನುಜನ್ ೧೯೨೯ರ ಮಾರ್ಚಿ ೧೬ರಂದು ಮೈಸೂರಿನಲ್ಲಿ ಹುಟ್ಟಿದರು. ಮನೆ ತಮಿಳು ಶ್ರೀವೈಷ್ಣವರದು. ತಂದೆ ಕೃಷ್ಣಸ್ವಾಮಿಯವರು ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು. ಖಗೋಳವನ್ನು ಬಲ್ಲವರು, ಜೊತೆಗೆ ಜ್ಯೋತಿಷ್ಯವನ್ನೂ ಬಲ್ಲವರು. ಇವೆರಡೂ ಒಂದೇ ತಲೆಯಲ್ಲಿ ಹೇಗೆ ಹೊಂದಿಕೊಂಡಿವೆ ಎಂಬುದು ಹುಡುಗನಿಗೆ ಬಗೆಹರಿಯದ ಒಗಟಾಗಿತ್ತು. ಆ ಒಗಟನ್ನೇ ಹಿಡಿದು ಅವರು ಮುಂದೆ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಮನೆಯಲ್ಲಿ ಮಾತುಗಳಿಗೆ ಒಂದೊಂದು ನೆಲೆ. ಮಹಡಿಯ ಮೇಲೆ ತಂದೆಯ ಓದುವ ಕೋಣೆ, ಅಲ್ಲಿ ಇಂಗ್ಲಿಷು, ಸಂಸ್ಕೃತ. ಕೆಳಗೆ ಅಡುಗೆಮನೆ, ಅಲ್ಲಿ ತಾಯಿಯ ಮತ್ತು ಅಜ್ಜಿಯ ತಮಿಳು. ಬಾಗಿಲು ದಾಟಿ ಬೀದಿಗಿಳಿದರೆ ಕನ್ನಡ. ಮಹಡಿ ಹತ್ತುವಾಗ ಒಂದು ಭಾಷೆ, ಇಳಿಯುವಾಗ ಇನ್ನೊಂದು.

ಇದನ್ನು ಓದುವಾಗ ದೆಹಲಿಯ ನಮ್ಮ ಮನೆಗಳು ನೆನಪಿಗೆ ಬಾರದೆ ಇರವು. ಇಲ್ಲಿ ಮಗುವಿಗೆ ಅಡುಗೆಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಮೈಸೂರಿನಲ್ಲಿ ಬೀದಿಯಲ್ಲಿದ್ದ ಭಾಷೆ ಇಲ್ಲಿ ಒಳಕ್ಕೆ ಸರಿದು ಒಲೆಯ ಪಕ್ಕ ಕೂತಿದೆ, ಅಷ್ಟೇ ವ್ಯತ್ಯಾಸ. ಅಡುಗೆಮನೆಯ ಭಾಷೆಯಿಂದ ಮಗನಿಗೆ ಏನು ಪ್ರಯೋಜನ, ಅದರಿಂದ ಕೆಲಸ ಸಿಕ್ಕೀತೆ ಎಂದು ಕೇಳುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಅವರದು ತಪ್ಪೆಂದು ಹೇಳುವ ಧೈರ್ಯ ನಮಗಿಲ್ಲ. ಸಂಬಳದ ಚೀಟಿ ಇಂಗ್ಲಿಷಿನಲ್ಲಿಯೇ ಬರುತ್ತದಷ್ಟೆ?

ರಾಮಾನುಜನ್ನರ ತಂದೆಯೂ ಹಾಗೆಯೇ ಯೋಚಿಸಿದಂತೆ ತೋರುತ್ತದೆ. ಮಗ ಕಾಲೇಜಿನಲ್ಲಿ ಮೊದಲು ಸೇರಿದ್ದು ವಿಜ್ಞಾನಕ್ಕೆ. ಇವನಿಗೆ ಗಣಿತದ ಬುದ್ಧಿ ಇಲ್ಲವೆಂದು ಕಂಡುಕೊಂಡ ತಂದೆ ತಾವೇ ಕೈಹಿಡಿದು ಕಚೇರಿಗೆ ಕರೆದುಕೊಂಡು ಹೋಗಿ ಇಂಗ್ಲಿಷಿಗೆ ಬದಲಾಯಿಸಿದರಂತೆ. ಮಹಾರಾಜಾ ಕಾಲೇಜಿನಲ್ಲಿ ಓದಿ ೧೯೫೦ರ ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯದ ಎಂ. ಎ. ಕೈಗೆ ಬಂತು. ಅಲ್ಲಿಂದ ಶುರುವಾಯಿತು ಊರೂರು ಅಲೆತ: ಕೇರಳದ ಕೊಲ್ಲಂ, ಅನಂತರ ಮಧುರೈ, ಅಲ್ಲಿಂದ ಬೆಳಗಾವಿಯ ಲಿಂಗರಾಜ ಕಾಲೇಜು, ಆಮೇಲೆ ಗುಜರಾತಿನ ಬಡೋದೆ. ವರ್ಗದ ಆರ್ಡರು ಕಿಸೆಯಲ್ಲಿಟ್ಟುಕೊಂಡು ಪೆಟ್ಟಿಗೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಊರುಗಳಲ್ಲಿ ನಾವು ನಿಂತು ನೋಡಬೇಕಾದದ್ದು ಬೆಳಗಾವಿ. ಐವತ್ತರ ದಶಕದ ಹೆಚ್ಚು ಭಾಗವನ್ನು ಅವರು ಅಲ್ಲಿಯೇ ಕಳೆದರು. ೧೯೫೬ರ ನವೆಂಬರ್ ೧ರವರೆಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರಿನ ಕನ್ನಡದಲ್ಲಿ ಬೆಳೆದವನಿಗೆ ಅಲ್ಲಿಯ ಕನ್ನಡ ಹೊಸದು, ಕಿವಿ ಚುರುಕಾಗಲೇಬೇಕು. ತರಗತಿಯಲ್ಲಿ ಮೇಷ್ಟರು ಹೇಳಿದ್ದು ಇಂಗ್ಲಿಷ್ ಕಾವ್ಯ. ತರಗತಿ ಬಿಟ್ಟ ಮೇಲೆ ಅವರು ಮಾಡಿದ್ದು, ಸಂಬಳವಿಲ್ಲದೆ, ಯಾರೂ ಕೇಳದೆ, ಬೇರೊಂದು ಕೆಲಸ: ಗಾದೆ ಬರೆದುಕೊಳ್ಳುವುದು, ಕಥೆ ಕೇಳುವುದು. ಮುದುಕಿಯರು, ಮನೆಗೆಲಸದವರು, ಸ್ನೇಹಿತರ ಮನೆಯ ಹೆಂಗಸರು ಮಕ್ಕಳಿಗೆ ಊಟ ಮಾಡಿಸುವಾಗ ಹೇಳುವ ಕಥೆಗಳನ್ನು ಹಾಳೆಗಿಳಿಸುವುದು. ೧೯೫೫ರಲ್ಲಿ ಗಾದೆಗಳ ಪುಸ್ತಕವೊಂದು ಹೊರಬಂತು. ಕಥೆಗಳ ಕಟ್ಟು ಮಾತ್ರ ಪೆಟ್ಟಿಗೆಯಲ್ಲಿ ಉಳಿಯಿತು. ಆ ಕಟ್ಟಿನ ಮಾತು ಮುಂದೆ ಬರುತ್ತದೆ. ವಾಚಕರು ಅದನ್ನು ನೆನಪಿನಲ್ಲಿಟ್ಟುಕೊಂಡಿರಬೇಕು.

ಎಂಟು ವರ್ಷ ಶೇಕ್ಸ್‌ಪಿಯರ್ ಪಾಠ ಹೇಳಿದ ಮೇಲೆ ಅವರು ೧೯೫೮ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿಗೆ ಭಾಷಾವಿಜ್ಞಾನ ಕಲಿಯಲು ಹೋದರು. ಮೂವತ್ತರ ಅಂಚಿನಲ್ಲಿ ಮೇಷ್ಟರು ಮತ್ತೆ ವಿದ್ಯಾರ್ಥಿಯಾದರು. ಭಾಷಾವಿಜ್ಞಾನವೆಂದರೆ ಏನೆಂದು ಒಂದು ಉದಾಹರಣೆಯಿಂದ ಹೇಳಬಹುದು. ನಾವು ‘ಮನೆಗೆ’ ಎನ್ನುತ್ತೇವೆ, ‘ಊರಿಗೆ’ ಎನ್ನುತ್ತೇವೆ. ಆದರೆ ‘ಮರಗೆ’ ಎನ್ನುವುದಿಲ್ಲ, ‘ಮರಕ್ಕೆ’ ಎನ್ನುತ್ತೇವೆ. ‘ಪುಸ್ತಕಕ್ಕೆ’, ‘ಕೆಲಸಕ್ಕೆ’ ಎಂದೂ ಹಾಗೆಯೇ. ಯಾವಾಗ ‘ಗೆ’, ಯಾವಾಗ ‘ಕ್ಕೆ’ ಎಂಬ ನಿಯಮವನ್ನು ನಮಗೆ ಯಾರೂ ಕಲಿಸಲಿಲ್ಲ. ಮೂರು ವರ್ಷದ ಮಗುವೂ ಅದರಲ್ಲಿ ತಪ್ಪುವುದು ಅಪರೂಪ. ಹೀಗೆ ಆಡುವವನಿಗೆ ಗೊತ್ತಿದ್ದೂ ಗೊತ್ತಿಲ್ಲದ ನಿಯಮಗಳನ್ನು ಹುಡುಕಿ ಬರೆಯುವುದೇ ಆ ವಿದ್ಯೆ. ಅದಕ್ಕೆ ಬೇಕಾದ ಬಂಡವಾಳ ಆಕ್ಸ್‌ಫರ್ಡಿನ ಉಚ್ಚಾರಣೆಯಲ್ಲ. ತಾಯಿಯಿಂದ ಕಿವಿಗೆ ಬಿದ್ದ ಮಾತು.

ಮಾರನೆಯ ವರ್ಷ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ದೊರೆಯಿತು. ಇದರ ಬೇರು ದೆಹಲಿಯಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಹೊರದೇಶಗಳಲ್ಲಿ ಬಿದ್ದಿದ್ದ ಅಮೆರಿಕದ ಯುದ್ಧಸಾಮಗ್ರಿ ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ಹೋಗಿಬರುವಿಕೆಗೆ ಬಳಸಬೇಕೆಂದು ಸೆನೆಟರ್ ಫುಲ್‌ಬ್ರೈಟ್ ೧೯೪೬ರಲ್ಲಿ ಕಾನೂನು ಮಾಡಿಸಿದರು. ಭಾರತದೊಡನೆ ಆ ಒಪ್ಪಂದವಾದದ್ದು ೧೯೫೦ರ ಫೆಬ್ರವರಿ ೨ರಂದು. ನೆಹರೂ ಅವರೂ ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ನರೂ ರುಜು ಹಾಕಿದರು. ಮಂಡಿ ಹೌಸಿನ ಹತ್ತಿರ ಹೇಲಿ ರಸ್ತೆಯಲ್ಲಿ ನಡೆದಾಡುವ ನಮ್ಮವರು ಫುಲ್‌ಬ್ರೈಟ್ ಹೌಸ್ ಎಂಬ ಫಲಕವನ್ನು ನೋಡಿರಬಹುದು. ಅದೇ ಇದು. ೧೯೫೯ರ ಬೇಸಗೆಯಲ್ಲಿ, ಮೂವತ್ತು ತುಂಬಿದ ಮೇಲೆ, ರಾಮಾನುಜನ್ ಹಡಗು ಹತ್ತಿದರು. ಆ ಪ್ರಯಾಣದಲ್ಲಿ ಬರೆದಿಟ್ಟ ದಿನಚರಿ ಅರವತ್ತು ವರ್ಷಗಳ ಮೇಲೆ, ೨೦೧೯ರಲ್ಲಿ, ‘ಜರ್ನೀಸ್’ ಎಂಬ ಪುಸ್ತಕದಲ್ಲಿ ಅಚ್ಚಾಗಿದೆ.

ಹೋಗಿ ಸೇರಿದ್ದು ಇಂಡಿಯಾನ ವಿಶ್ವವಿದ್ಯಾಲಯ. ಅಲ್ಲಿ ೧೯೬೩ರಲ್ಲಿ ಡಾಕ್ಟರೇಟ್ ಪಡೆದರು. ಯಾವ ವಿಷಯದಲ್ಲಿ? ಕನ್ನಡದ ವ್ಯಾಕರಣದಲ್ಲಿ! ಮೈಸೂರಿನಲ್ಲಿ ಇಂಗ್ಲಿಷ್ ಓದಿದವರು ಅಮೆರಿಕಕ್ಕೆ ಹೋಗಿ ಕನ್ನಡದಲ್ಲಿ ಪಂಡಿತರಾದರು. ಅಷ್ಟರಲ್ಲಿಯೇ, ೧೯೬೧ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯ ಕರೆದಿತ್ತು, ತಮಿಳಿನ ಕೆಲಸಕ್ಕೆ. ಅದು ಅಡುಗೆಮನೆಯ ತಮಿಳು. ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕಿ ಅವರ ಅನ್ನದ ದಾರಿ ಅದೇ ಆಯಿತು. ತಮಿಳು, ಕನ್ನಡ, ಭಾಷಾವಿಜ್ಞಾನ, ಜಾನಪದ.

ಅಮೆರಿಕದವರಿಗೆ ತಮಿಳಿನ ಮೇಲೆ ಅಷ್ಟೊಂದು ಪ್ರೀತಿ ಹುಟ್ಟಿದ್ದಾದರೂ ಏಕೆ? ಪ್ರೀತಿಗಿಂತ ಹೆಚ್ಚಾಗಿ ಭಯ. ೧೯೫೭ರ ಅಕ್ಟೋಬರಿನಲ್ಲಿ ರಷ್ಯದವರು ಸ್ಪುಟ್ನಿಕ್ ಹಾರಿಸಿದರು. ಅಮೆರಿಕ ಬೆಚ್ಚಿಬಿದ್ದು ೧೯೫೮ರಲ್ಲಿ ರಾಷ್ಟ್ರರಕ್ಷಣೆಯ ಹೆಸರಿನಲ್ಲಿ ವಿದ್ಯಾಭ್ಯಾಸದ ಕಾನೂನೊಂದನ್ನು ಮಾಡಿತು. ವಿಜ್ಞಾನಕ್ಕೆ ಹಣ ಸುರಿಯಿತು. ಅದರ ಜೊತೆಗೇ ತನ್ನವರಿಗೆ ತಿಳಿಯದ ಲೋಕದ ಭಾಷೆಗಳನ್ನು ಕಲಿಸುವುದಕ್ಕೂ ಹಣ ಕೊಟ್ಟಿತು. ಹೀಗಾಗಿ ಆಕಾಶದಲ್ಲಿ ಒಂದು ಲೋಹದ ಚೆಂಡು ಸುತ್ತಿದ್ದರಿಂದ ಶಿಕಾಗೋದಲ್ಲಿ ತಮಿಳು ಮೇಷ್ಟರಿಗೆ ಕುರ್ಚಿ ಸಿಕ್ಕಿತೆಂದರೆ ಅದು ಬರಿಯ ತಮಾಷೆಯ ಮಾತಲ್ಲ.

ಇನ್ನೊಂದು ಸಂಗತಿ ದೆಹಲಿಯವರಾದ ನಮಗೆ ಹತ್ತಿರದ್ದು. ಪಿ. ಎಲ್. ೪೮೦ರ ಗೋಧಿಯ ಹೆಸರು ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಅರವತ್ತರ ದಶಕದಲ್ಲಿ ಪಡಿತರದ ಅಂಗಡಿಗೆ ಬರುತ್ತಿದ್ದದ್ದು ಅದು. ೧೯೫೪ರ ಆ ಕಾನೂನಿನಂತೆ ಅಮೆರಿಕದ ಗೋಧಿಗೆ ಭಾರತ ರೂಪಾಯಿಯಲ್ಲಿಯೇ ಬೆಲೆ ಕೊಡಬಹುದಾಗಿತ್ತು. ಆ ರೂಪಾಯಿಗಳು ಇಲ್ಲಿಯೇ ರಾಶಿ ಬಿದ್ದವು. ಅದರಲ್ಲಿ ಒಂದು ಪಾಲನ್ನು ಪುಸ್ತಕಕ್ಕೆ ಖರ್ಚು ಮಾಡಬಹುದೆಂದು ಆಮೇಲೆ ತಿದ್ದುಪಡಿಯಾಯಿತು. ೧೯೬೨ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಒಂದು ಕಚೇರಿ ತೆರೆದು ಭಾರತದ ಭಾಷೆಗಳಲ್ಲಿ ಅಚ್ಚಾದ ಪುಸ್ತಕ, ಪತ್ರಿಕೆಗಳನ್ನು ಕೊಂಡು, ಪಟ್ಟಿ ಮಾಡಿ, ಪೆಟ್ಟಿಗೆಗೆ ತುಂಬಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಕನ್ನಡದ ಕಾದಂಬರಿಯೂ ವಚನಗಳ ಪುಸ್ತಕವೂ ದೆಹಲಿಯ ಗುಮಾಸ್ತರ ಕೈದಾಟಿ ಶಿಕಾಗೋದ ಕಪಾಟು ಸೇರಿದವು. ನಾವು ತಿಂದ ಗೋಧಿಯ ಬೆಲೆಯಿಂದ ಅವರು ಓದಿದರೆನ್ನಿ. ಹೊಟ್ಟೆಗೂ ಪುಸ್ತಕಕ್ಕೂ ಇಷ್ಟು ನೇರ ಸಂಬಂಧವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಆದರೆ ರಾಮಾನುಜನ್ನರ ಕೈಗೆ ಬಂದು ಅವರ ಬಾಳನ್ನೇ ತಿರುಗಿಸಿದ ಪುಸ್ತಕ ಈ ಪೆಟ್ಟಿಗೆಗಳಲ್ಲಿ ಬಂದದ್ದಲ್ಲ. ೧೯೬೨ರಲ್ಲಿ ಒಂದು ಶನಿವಾರ ಹಳೆಗಾಲದ ತಮಿಳಿನ ಸುಲಭ ವ್ಯಾಕರಣವೊಂದನ್ನು ಹುಡುಕುತ್ತ ಅವರು ಶಿಕಾಗೋದ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಗೆ ಇಳಿದರು. ಹಳೆಯ ತಮಿಳು ಅವರಿಗೆ ಬರುತ್ತಿರಲಿಲ್ಲ. ಪಾಠ ಹೇಳಬೇಕಾದ್ದರಿಂದ ಕಲಿಯಬೇಕಾಗಿತ್ತು. ಧೂಳು ಹಿಡಿದ ಪುಸ್ತಕಗಳ ನಡುವೆ ಸಿಕ್ಕಿದ್ದು ಸಂಗಂ ಕಾಲದ ಪ್ರೇಮಕವಿತೆಗಳ ಸಂಕಲನ, ಯು. ವಿ. ಸ್ವಾಮಿನಾಥ ಅಯ್ಯರ್ ಅವರು ೧೯೩೭ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ್ದು. ಸ್ವಾಮಿನಾಥ ಅಯ್ಯರ್ ಎಂದರೆ ಗೆದ್ದಲು ಹಿಡಿದ ಓಲೆಗರಿಗಳನ್ನು ಊರೂರು ತಿರುಗಿ ಒಟ್ಟುಗೂಡಿಸಿ ಹಳೆಯ ತಮಿಳಿಗೆ ಮತ್ತೆ ಜೀವ ಕೊಟ್ಟವರು. ಮನೆಯಲ್ಲಿ ತಮಿಳಾಡಿದವರಿಗೆ ತಮ್ಮ ಮನೆಯ ಬೇರು ಸಿಕ್ಕಿದ್ದು ಹತ್ತು ಸಾವಿರ ಮೈಲಿ ಆಚೆಯ ನೆಲಮಾಳಿಗೆಯಲ್ಲಿ. ಪರಂಪರೆ ಹುಟ್ಟಿನಿಂದ ತಾನಾಗಿ ಬರುವ ಆಸ್ತಿಯಲ್ಲ, ದುಡಿದು ಸಂಪಾದಿಸಿಕೊಳ್ಳಬೇಕಾದದ್ದು ಎಂಬ ಅಭಿಪ್ರಾಯವನ್ನು ಅವರು ಈ ಪ್ರಸಂಗ ಹೇಳುವಾಗ ಬರೆದಿದ್ದಾರೆ. ಐದು ವರ್ಷ ಕೆಲಸ ಮಾಡಿ ಆ ಕವಿತೆಗಳಲ್ಲಿ ಆಯ್ದವನ್ನು ೧೯೬೭ರಲ್ಲಿ ಇಂಗ್ಲಿಷಿನಲ್ಲಿ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಎಂಬ ಹೆಸರಿನಿಂದ ಹೊರತಂದರು.

ಕನ್ನಡದ ಪಾಲಿಗೆ ದೊಡ್ಡದು ೧೯೭೩ರ ‘ಸ್ಪೀಕಿಂಗ್ ಆಫ್ ಶಿವ’. ಪೆಂಗ್ವಿನ್ ಪ್ರಕಾಶನ ತಂದ ಈ ಸಣ್ಣ ಪುಸ್ತಕದಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳಿವೆ. ವಚನಗಳು ಇಂಗ್ಲಿಷಿಗೆ ಹೋದದ್ದು ಅದೇ ಮೊದಲಲ್ಲ. ಆದರೆ ಕನ್ನಡವೆಂಬ ಭಾಷೆಯೊಂದಿದೆ ಎಂದೇ ತಿಳಿಯದವರ ಕಿಸೆಗೆ ಅವು ಹೋದದ್ದು ಇದರಿಂದ. ಅನುವಾದಕನ ಕಷ್ಟ ಎಂಥದೆಂದು ಒಂದೇ ಅಂಶದಿಂದ ತೋರಿಸುತ್ತೇವೆ. ವಚನದ ಕೊನೆಗೆ ಅಂಕಿತ ಬರುತ್ತದೆ. ಕೂಡಲಸಂಗಮದೇವ ಎಂದರೆ ಕನ್ನಡಿಗನ ಕಣ್ಣ ಮುಂದೆ ಕೃಷ್ಣೆಯೂ ಮಲಪ್ರಭೆಯೂ ಸೇರುವ ನೀರು ನಿಲ್ಲುತ್ತದೆ. ಇಂಗ್ಲಿಷಿನವನಿಗೆ ಅದು ಬಾಯಿಗೆ ಹಿಡಿಯದ ಒಂದು ಉದ್ದ ಹೆಸರು. ರಾಮಾನುಜನ್ ಹೆಸರನ್ನು ಒಡೆದು ಅದರ ಅರ್ಥವನ್ನಿಟ್ಟರು. ಕೂಡಲಸಂಗಮದೇವ ನದಿಗಳು ಕೂಡುವ ಕಡೆಯ ಒಡೆಯನಾದ, ಚೆನ್ನಮಲ್ಲಿಕಾರ್ಜುನ ಮಲ್ಲಿಗೆಯಂತೆ ಬೆಳ್ಳಗಿನ ಒಡೆಯನಾದ, ಗುಹೇಶ್ವರ ಗುಹೆಗಳ ಒಡೆಯನಾದ. ದಾಸಿಮಯ್ಯನ ರಾಮನಾಥನನ್ನು ಮಾತ್ರ ಹಾಗೆಯೇ ಬಿಟ್ಟರು. ಇದನ್ನು ಮೆಚ್ಚಿದವರುಂಟು, ಮೆಚ್ಚದವರೂ ಉಂಟು. ದೇವರ ಹೆಸರನ್ನು ಒಡೆದರೆ ಊರು ಕಳೆದುಹೋಗುತ್ತದೆ, ಅರ್ಥ ಮಾತ್ರ ಉಳಿಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆಯೆಂದು ನಮಗೂ ತೋರುತ್ತದೆ. ವಿದುಷಿ ತೇಜಸ್ವಿನಿ ನಿರಂಜನ ಅವರು ೧೯೯೨ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಈ ಅನುವಾದ ಶರಣರನ್ನು ಪಶ್ಚಿಮದ ಕನ್ನಡಕದಿಂದ ತೋರಿಸುತ್ತದೆಂದು ಟೀಕಿಸಿದರು. ಅಷ್ಟಾದರೂ ಇದಕ್ಕೆ ಸಮನಾದ ಇನ್ನೊಂದು ಬಾಗಿಲನ್ನು ವಚನಗಳಿಗೆ ಯಾರೂ ತೆರೆದಿಲ್ಲ. ನಾವು ಟೀಕೆಯನ್ನೂ ಓದುತ್ತೇವೆ, ಪುಸ್ತಕವನ್ನೂ ಓದುತ್ತೇವೆ.

ಮೂರು ವರ್ಷ ಕಳೆದು ೧೯೭೬ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಅವರು ಇಂಗ್ಲಿಷಿಗೆ ತಂದರು, ಅಚ್ಚಾದದ್ದು ದೆಹಲಿಯಲ್ಲಿ. ಆ ಕಾದಂಬರಿ ಹುಟ್ಟಿದ್ದೂ ಪರದೇಶದಲ್ಲಿಯೇ; ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದದ್ದು. ಅದು ೧೯೬೫ರಲ್ಲಿ ಕನ್ನಡದಲ್ಲಿ ಬಂತು. ಇಂಗ್ಲಿಷ್ ಮೇಷ್ಟರೊಬ್ಬರು ಇಂಗ್ಲೆಂಡಿನಲ್ಲಿ ಕೂತು ಕನ್ನಡದಲ್ಲಿ ಬರೆದರು, ಇನ್ನೊಬ್ಬರು ಅಮೆರಿಕದಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸಿದರು. ಹೆಸರನ್ನು ಮಾತ್ರ ‘ಸಂಸ್ಕಾರ’ ಎಂದೇ ಉಳಿಸಿದರು. ಶವಸಂಸ್ಕಾರ, ಉಪನಯನದಂಥ ಕರ್ಮ, ಮನಸ್ಸಿನ ಹದ, ಇಷ್ಟನ್ನೂ ಹೊರುವ ಒಂದು ಮಾತು ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು?

ಈಗ ಬೆಳಗಾವಿಯ ಕಥೆಗಳ ಕಟ್ಟಿಗೆ ಬರೋಣ. ಸಂಪಾದಕನ ಕೆಲಸವೆಂದರೆ ಕಾಗುಣಿತ ತಿದ್ದುವುದು ಎಂದು ತಿಳಿದವರು ಹಲವರಿದ್ದಾರೆ. (ಈ ಪತ್ರಿಕೆಗೆ ಲೇಖನ ಕಳಿಸುವವರಲ್ಲಿಯೂ ಇದ್ದಾರೆ.) ಅದು ಆ ಕೆಲಸದ ಕಾಲುಭಾಗ. ಒಂದೇ ಕಥೆಯನ್ನು ಬೆಳಗಾವಿಯ ಅಜ್ಜಿ ಒಂದು ರೀತಿ, ಮೈಸೂರಿನ ಅತ್ತೆ ಇನ್ನೊಂದು ರೀತಿ, ಬಂಗಾಳದವಳು ಮತ್ತೊಂದು ರೀತಿ ಹೇಳುತ್ತಾಳೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಕೂರಿಸಿದರೆ ಎರಡೂ ಬೆಳಗುತ್ತವೆ, ಇದನ್ನು ನಿರ್ಧರಿಸುವುದು ಸಂಪಾದನೆ. ೧೯೯೧ರಲ್ಲಿ ಅವರು ಹೊರತಂದ ‘ಫೋಕ್‌ಟೇಲ್ಸ್ ಫ್ರಂ ಇಂಡಿಯಾ’ದಲ್ಲಿ ಇಪ್ಪತ್ತೆರಡು ಭಾಷೆಗಳ ಕಥೆಗಳಿವೆ. ಅವರು ಕೂಡಿಸಿದ ಕನ್ನಡದ ಕಥೆಯೊಂದನ್ನು ಇಲ್ಲಿ ಹೇಳುತ್ತೇವೆ. ನಮ್ಮಲ್ಲಿ ಕೆಲವರು ಅದನ್ನು ಅಜ್ಜಿಯ ಬಾಯಲ್ಲಿ ಕೇಳಿರಲೂಬಹುದು.

ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಆದರೆ ಅವಳು ಯಾರಿಗೂ ಕಥೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಕೂತು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಬಿದ್ದು ಒಂದು ಜೊತೆ ಮೆಟ್ಟಾಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತಾಡಿತು. ಗಂಡ ಬಂದ, ನೋಡಿದ, “ಯಾರು ಬಂದಿದ್ದರು?” ಎಂದ. ಅವಳಿಗೇನು ಗೊತ್ತು? ಜಗಳ ಹತ್ತಿತು. ಅವನು ಕಂಬಳಿ ಹೊದ್ದು ಆಂಜನೇಯನ ಗುಡಿಯಲ್ಲಿ ಮಲಗಲು ಹೋದ. ಊರಿನಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವಂತೆ. ಅಂದು ಒಂದು ಕುಡಿ ತಡವಾಗಿ ಬಂತು. ಏಕೆ ತಡವೆಂದು ಉಳಿದವು ಕೇಳಿದಾಗ ತನ್ನ ಮನೆಯ ಜಗಳವನ್ನೂ, ಮೆಟ್ಟು ಅಂಗಿಗಳ ಗುಟ್ಟನ್ನೂ ಹೇಳಿತು. ಕೇಳಿಸಿಕೊಂಡ ಗಂಡನ ಸಂಶಯ ಕರಗಿತು. ಬೆಳಿಗ್ಗೆ ಮನೆಗೆ ಬಂದು “ನಿನ್ನ ಕಥೆ, ನಿನ್ನ ಹಾಡು ಹೇಳು” ಎಂದು ಕೇಳಿದ. ಅವಳು “ಯಾವ ಕಥೆ? ಯಾವ ಹಾಡು?” ಎಂದಳು. ಅಷ್ಟರಲ್ಲಿ ಅವೆರಡೂ ಅವಳಿಗೆ ಮರೆತುಹೋಗಿದ್ದವು.

ದೆಹಲಿಗೆ ಬಂದು ಇಪ್ಪತ್ತು ವರ್ಷವಾದ ಒಬ್ಬ ಮಿತ್ರರಿಗೆ ಇದನ್ನು ಓದಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತಾಯಿ ಹೇಳುತ್ತಿದ್ದ ಕಥೆಯೊಂದನ್ನು ನೆನಪಿಸಿಕೊಳ್ಳಲು ಹೊರಟರು. ಅರ್ಧದವರೆಗೆ ಬಂತು. ಉಳಿದರ್ಧ ಬರಲಿಲ್ಲ.

ರಾಮಾನುಜನ್ ಕನ್ನಡನಾಡಿನಲ್ಲಿ ಕೂಡಿಸಿದ ಕಥೆಗಳಲ್ಲಿ ಹೂ ಬಿಡುವ ಮರವಾಗಬಲ್ಲ ಹುಡುಗಿಯ ಕಥೆಯೂ ಒಂದು. ೧೯೯೩ರ ಜುಲೈ ೧೩ರಂದು ಶಿಕಾಗೋದಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ಕೊಡುವಾಗ, ಅವರು ತೀರಿಕೊಂಡರು, ವಯಸ್ಸು ಅರವತ್ತನಾಲ್ಕು. ಆ ಕನ್ನಡ ಕಥೆಗಳ ಸಂಗ್ರಹವನ್ನು ಸ್ಟೂವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡೆಸ್ ಅಣಿಗೊಳಿಸಿ ೧೯೯೭ರಲ್ಲಿ ಪ್ರಕಟಿಸಿದರು. ಅದಕ್ಕೆ ಆ ಹುಡುಗಿಯ ಕಥೆಯದೇ ಹೆಸರು. ೨೦೦೬ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಆ ಕಥೆಯನ್ನು ಗೀತನಾಟಕ ಮಾಡಿ ವಿಯೆನ್ನಾ ನಗರದಲ್ಲಿ ಆಡಿಸಿದರು. ಅಡುಗೆಮನೆಯಲ್ಲಿ ತುತ್ತಿನ ನಡುವೆ ಹೇಳಿದ ಮಾತು ಎಲ್ಲಿಯವರೆಗೆ ನಡೆಯಿತೆಂದು ಹೇಳಿದವಳಿಗೆ ಗೊತ್ತಾಗುವ ಬಗೆಯಿಲ್ಲ.

ಅವರ ಬರಹವೊಂದು ದೆಹಲಿಯಲ್ಲಿಯೇ ಗದ್ದಲಕ್ಕೆ ಕಾರಣವಾದದ್ದನ್ನೂ ಹೇಳಬೇಕು. ರಾಮಾಯಣ ಒಂದಲ್ಲ, ಹಲವು; ಭಾಷೆಭಾಷೆಗೂ ಜನಜನಕ್ಕೂ ಬೇರೆ ಬೇರೆಯಾಗಿ ಹೇಳಲ್ಪಟ್ಟಿದೆ ಎಂದು ಅವರು ೧೯೮೭ರಲ್ಲಿ ಒಂದು ಪ್ರಬಂಧ ಬರೆದರು. ಕಂಬನದು, ಜೈನರದು, ಥಾಯ್ ದೇಶದ್ದು ಇವುಗಳ ಜೊತೆಗೆ ಕನ್ನಡನಾಡಿನ ಜನಪದ ಗಾಯಕರು ಹಾಡುವ ರಾಮಾಯಣವೂ ಅದರಲ್ಲಿದೆ. ಅದರಲ್ಲಿ ರಾವಣನೇ ಬಸಿರಾಗಿ ಸೀನಿದಾಗ ಸೀತೆ ಹುಟ್ಟುತ್ತಾಳೆ. ‘ಸೀತ’ ಎಂದರೆ ಸೀನಿದ ಎಂದೂ ಆಗುವುದರಿಂದ ಕನ್ನಡದಲ್ಲಿ ಮಾತ್ರ ಸಾಧ್ಯವಾದ ಕಥೆ ಅದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಆನರ್ಸ್ ತರಗತಿಗೆ ಪ್ರಬಂಧವನ್ನು ಪಾಠವಾಗಿ ಇಟ್ಟಿದ್ದರು. ೨೦೦೮ರಲ್ಲಿ ಅದನ್ನು ವಿರೋಧಿಸಿ ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. ೨೦೧೧ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯದ ವಿದ್ವತ್ ಸಭೆ ಅದನ್ನು ಪಠ್ಯದಿಂದ ತೆಗೆಯಿತು. ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಮುಂಚೆ ಪ್ರಬಂಧವನ್ನು ಒಮ್ಮೆ ಓದುವುದು ಒಳ್ಳೆಯದೆಂಬಷ್ಟೇ ನಮ್ಮ ಅಭಿಪ್ರಾಯ.

ಇಷ್ಟು ಹೇಳಿದ ಮೇಲೆ ನಷ್ಟದ ಲೆಕ್ಕವನ್ನು ಮುಚ್ಚಿಡಬಾರದು. ಇಂಗ್ಲಿಷಿನಲ್ಲಿ ಅವರ ಕವಿತೆಗಳಿಗೆ ಹೆಸರು ಬಂತು. ೧೯೭೬ರಲ್ಲಿ ಪದ್ಮಶ್ರೀ, ೧೯೮೩ರಲ್ಲಿ ಅಮೆರಿಕದ ಮ್ಯಾಕ್‌ಆರ್ಥರ್ ಪುರಸ್ಕಾರ, ಕಾಲವಾದ ಮೇಲೆ ೧೯೯೯ರಲ್ಲಿ ಇಂಗ್ಲಿಷ್ ಕವಿತೆಗಳಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ. ಕನ್ನಡದಲ್ಲಿ ಅವರು ಬರೆದದ್ದು ಕಡಮೆ. ‘ಹೊಕ್ಕುಳಲ್ಲಿ ಹೂವಿಲ್ಲ’ ೧೯೬೯ರಲ್ಲಿ, ‘ಮತ್ತು ಇತರ ಪದ್ಯಗಳು’ ೧೯೭೭ರಲ್ಲಿ, ‘ಕುಂಟೋಬಿಲ್ಲೆ’ ೧೯೯೦ರಲ್ಲಿ. ನಡುವೆ ‘ಮತ್ತೊಬ್ಬನ ಆತ್ಮಚರಿತ್ರೆ’ ಎಂಬ ಕಿರುಕಾದಂಬರಿ. ಊರಿನಲ್ಲಿಯೇ ಇದ್ದಿದ್ದರೆ ಹೆಚ್ಚು ಬರೆಯುತ್ತಿದ್ದರೆ? ಅಥವಾ ಉತ್ತರಪತ್ರಿಕೆ ತಿದ್ದುವುದರಲ್ಲಿಯೇ ದಿನ ಕಳೆಯುತ್ತಿತ್ತೆ? ದೂರದಲ್ಲಿದ್ದುದರಿಂದಲೇ ಕನ್ನಡ ಅವರಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿತೆಂದು ವಾದಿಸುವವರಿದ್ದಾರೆ. ಅದು ಅರ್ಧ ನಿಜವಿರಬಹುದು. ಊರು ಬಿಟ್ಟ ನಮ್ಮಂಥವರು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತೂ ಇರಬಹುದು.

ಇನ್ನು ಮೊದಲಿನ ಪ್ರಶ್ನೆ. ಇಂಗ್ಲಿಷ್ ಕಲಿಸಲು ಹೊರದೇಶಕ್ಕೆ ಹೋಗಬಹುದು. ಪದವಿ ಬೇಕು, ಬೋಧನೆಯ ತರಬೇತಿಯ ಪ್ರಮಾಣಪತ್ರ ಬೇಕು. ಕೆಲವು ದೇಶಗಳಲ್ಲಿ ಅರ್ಜಿದಾರನ ಇಂಗ್ಲಿಷಿಗಿಂತ ಮೊದಲು ಪಾಸ್‌ಪೋರ್ಟಿನ ಬಣ್ಣ ನೋಡುತ್ತಾರೆ. ಅಲ್ಲಿ ನಮ್ಮವರಿಗೆ ಬಾಗಿಲು ಕಿರಿದು. ಕರಾರುಪತ್ರವನ್ನು ಕೊನೆಯ ಸಾಲಿನವರೆಗೆ ಓದದೆ, ದಳ್ಳಾಳಿಗೆ ಮುಂಗಡ ಕೊಟ್ಟು ಹೋಗಬೇಡಿ. ಶಿಕಾಗೋದಲ್ಲಿ ಇಂಗ್ಲಿಷ್ ಬಲ್ಲವರಿಗೆ ಬರವಿತ್ತೆ? ಅವರಲ್ಲಿ ಇಲ್ಲದ್ದು ರಾಮಾನುಜನ್ನರಲ್ಲಿತ್ತು. ಇಂಗ್ಲಿಷ್ ಅದನ್ನು ದಾಟಿಸುವ ದೋಣಿಯಾಯಿತು. ಹಾಗೆ ದಾಟಿಸುವ ಕೆಲಸಕ್ಕೆ ಹಡಗು ಹತ್ತಲೇಬೇಕೆಂದೂ ಇಲ್ಲ. ಈ ಊರಿನಲ್ಲಿಯೇ ಮಂಡಿ ಹೌಸಿನ ರವೀಂದ್ರ ಭವನದಲ್ಲಿ ಸಾಹಿತ್ಯ ಅಕಾಡೆಮಿಯಿದೆ, ವಸಂತ ಕುಂಜದಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಇದೆ. ಎರಡೂ ಕನ್ನಡದಿಂದ ಬೇರೆ ಭಾಷೆಗಳಿಗೆ ಅನುವಾದ ಮಾಡಿಸುತ್ತವೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಕನ್ನಡ ಪೀಠವಿದೆ. ಹಿಂದಿಯನ್ನು ಬೀದಿಯಲ್ಲಿ, ಇಂಗ್ಲಿಷನ್ನು ಕಚೇರಿಯಲ್ಲಿ, ಕನ್ನಡವನ್ನು ಮನೆಯಲ್ಲಿ ಕಲಿತ ದೆಹಲಿಯ ಹುಡುಗ ಹುಡುಗಿಯರಿಗೆ ಇರುವ ಮೂರು ಮಹಡಿಯ ಅನುಕೂಲ ಬೆಂಗಳೂರಿನವರಿಗೂ ಸುಲಭವಾಗಿ ಸಿಗುವುದಿಲ್ಲ.

ಮೇಲೆ ಹೇಳಿದ ಪುಸ್ತಕಗಳಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ವೂ ಜನಪದ ಕಥೆಗಳ ಸಂಗ್ರಹವೂ ನಮ್ಮ ವಾಚನಾಲಯದ ಎರಡನೆಯ ಕಪಾಟಿನಲ್ಲಿವೆ. ಮಕ್ಕಳಿಗೆ ಓದಿ ಹೇಳುವವರು ಕಥೆಗಳ ಪುಸ್ತಕವನ್ನು ಎರಡು ವಾರ ಮನೆಗೆ ಒಯ್ಯಬಹುದು. ‘ಸ್ಪೀಕಿಂಗ್ ಆಫ್ ಶಿವ’ದ ನಮ್ಮ ಒಂದೇ ಪ್ರತಿಯನ್ನು ವಾಚಕರೊಬ್ಬರು ತೆಗೆದುಕೊಂಡು ಹೋಗಿ ಎಂಟು ತಿಂಗಳಾಯಿತು. ಅವರು ಈ ಲೇಖನವನ್ನು ಓದುತ್ತಿದ್ದರೆ, ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬಾಗಿಲು ತೆರೆದಿರುತ್ತದೆ.